ಚಾತುರ್ಮಾಸದಲ್ಲಿ ಹೂ ಬಿಟ್ಟ ಕಸ

ದೇಸೂರ ರೇಲ್ವೆ ನಿಲ್ದಾಣದಿಂದ ಒಂದೂವರೆ ಮೈಲು ಒಳಗಿರುವ ಅತ್ತಿಕೊಪ್ಪದಲ್ಲಿ ತಾರೀಖು ಮರೆಯದ ಮನುಷ್ಯರೆಂದರೆ ಆದಿನಾಥ ಚೌಗುಲೆಯವರು ಒಬ್ಬರೇ. ಅವರು ಹುಟ್ಟಿದ್ದು ೧೯೧೯ರ ನವೆಂಬರ್ ೩ರಂದು. ಬೆಳಗಾವಿಯ ರವಿವಾರ ಪೇಟೆಯ ಕಾಳಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಸೇರಿದ್ದು ೧೯೪೩ರ ಜುಲೈ ೧ರಂದು. ಮೂವತ್ತೊಂದು ವರ್ಷ ದುಡಿದು, ಹೆಂಡತಿ ಅಕ್ಕಾತಾಯಿಯೊಡನೆ ಹುಟ್ಟೂರಿಗೆ ಮರಳಿದ್ದು ೧೯೭೪ರ ಜೂನ್ ೩೦ರಂದು. ಇವಿಷ್ಟನ್ನೂ ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಒಂದು ತಾರೀಖನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಡೆದು ತೋರಿಸುತ್ತಿದ್ದರು. ೧೯೪೧ರ ಜುಲೈ ೭, ಸೋಮವಾರ, ಆಷಾಢ ಶುದ್ಧ ಚತುರ್ದಶಿ. ಅಂದು, ಬೆಳಗಾವಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಮಹಾರಾಜರೊಬ್ಬರ ಎದುರಿಗೆ ಇಪ್ಪತ್ತೊಂದರ ಹರೆಯದ ಆದಿನಾಥರು ಕೈಮುಗಿದು ವ್ರತವೊಂದನ್ನು ಹಿಡಿದಿದ್ದರು. ಮಳೆಗಾಲದ ನಾಲ್ಕು ತಿಂಗಳು ನೆಲವೆಲ್ಲ ಜೀವದಿಂದ ತುಂಬಿರುತ್ತದೆ. ಆದ್ದರಿಂದ ಅಂದಿನಿಂದ ದೀಪಾವಳಿಯವರೆಗೆ ಹಸಿರನ್ನು ತುಳಿಯುವುದಿಲ್ಲ, ಕೀಳುವುದಿಲ್ಲ, ಇನ್ನೊಬ್ಬರಿಂದ ಕೀಳಿಸುವುದಿಲ್ಲ, ಕಿತ್ತವರನ್ನು ಸರಿಯೆನ್ನುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಮಳೆಗಾಲದಲ್ಲಿಯೂ ಅವರು ಕಲ್ಲು ಹುಡುಕಿ ಹೆಜ್ಜೆಯಿಟ್ಟರು, ಬರಿಯ ಮಣ್ಣು ಹುಡುಕಿ ಹೆಜ್ಜೆಯಿಟ್ಟರು. ಎರಡೂ ಸಿಗದ ಕಡೆಗೆ ಹೋಗುವುದನ್ನೇ ಬಿಟ್ಟರು. ಊರಿನಲ್ಲಿ ಜೈನರ ಮನೆಗಳು ಹನ್ನೊಂದು, ಉಳಿದವೆಲ್ಲ ಲಿಂಗಾಯತರವು. ಆ ವ್ರತವನ್ನು ಎರಡೂ ಕಡೆಯವರು ಒಂದೇ ಬಗೆಯಲ್ಲಿ ಗೌರವಿಸುತ್ತಿದ್ದರು.

ಆದಿನಾಥರು ಊರಿಗೆ ಮರಳಿದ ಹೊಸತರಲ್ಲಿ ಅತ್ತಿಕೊಪ್ಪದ ಕೆರೆಗೆ ಹೊಸದೊಂದು ಕಸ ಬಂದಿತ್ತು. ಎಲೆ ಗಜ್ಜರಿಯ ಸೊಪ್ಪಿನಂತೆ, ಹೂವು ಜೋಳದ ಅರಳು ಚೆಲ್ಲಿದಂತೆ ಬಿಳಿ. ದನ ಮೂಸಿ ನೋಡಿ ಬಿಡುತ್ತಿತ್ತು. ಎಲ್ಲ ಕಡೆಯಂತೆ ಇಲ್ಲಿಯೂ ಜನ ಅದನ್ನು ಕಾಂಗ್ರೆಸ್ ಕಸವೆಂದು ಕರೆದರು. ೧೯೭೫ರ ಜೂನ್ ೨೮, ಶನಿವಾರ, ಗ್ರಾಮ ಪಂಚಾಯತಿಯ ಚೇರಮನ್ ದುಂಡಪ್ಪ ಆದಿನಾಥರನ್ನು ಚಾವಡಿಗೆ ಕರೆಸಿ, ಕುರ್ಚಿ ಸರಿಸಿ ಕೂರಿಸಿದ.

"ಅಣ್ಣಾರ, ಬೆಳಗಾವಿಯಿಂದ ಕಾಗದ ಬಂದೈತಿ. ಹೂ ಬಿಡೂಕಿಂತ ಮೊದಲ ಆ ಕಸ ಕಿತ್ತು ಸುಡಬೇಕಂತ. ಕೆರಿ ಏರಿ, ಸ್ಟೇಷನ್ ದಾರಿ, ಎರಡೂ ನೋಡಕೊಳ್ಳಾಕ ಒಬ್ಬ ಶಿಸ್ತಿನ ಮನಿಶ್ಯಾ ಬೇಕಾಗ್ಯಾನ. ನಿಮ್ಮನ್ನ ಬಿಟ್ರ ಯಾರದಾರ ಹೇಳ್ರಿ?"

ಆದಿನಾಥರು ಪಂಚಾಯತಿಯ ನಿರ್ಣಯ ಬರೆಯುವ ಠರಾವಿನ ಪುಸ್ತಕ ಎಳೆದುಕೊಂಡು ಲೇಖನಿಯ ಮುಚ್ಚಳ ತೆಗೆದರು. "ಏನಂತ ಬರೀಲಿ? 'ಕಾಂಗ್ರೆಸ್ಸನ್ನು ಬೇರುಸಹಿತ ಕೀಳತಕ್ಕದ್ದು' ಅಂತ ಬರೀಲೇನು?"

ತುರ್ತು ಪರಿಸ್ಥಿತಿ ಘೋಷಣೆಯಾಗಿ ಮೂರೇ ದಿನಗಳಾಗಿದ್ದವು. ದುಂಡಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. "ಬ್ಯಾಡ್ರೀ ಮಾರಾಯರ! ನನ್ನ ಖುರ್ಚಿ ಬೇರುಸಹಿತ ಕಿತ್ತೀರಿ. ಬಿಳಿ ಹೂವಿನ ಕಸ ಅಂತ ಬರೀರಿ, ಸಾಕು."

ಹಾಗೆಯೇ ಬರೆದು, ಸಹಿ ಹಾಕಿ, ಮರುದಿನ ಬೆಳಿಗ್ಗೆ ಏಳಕ್ಕೆ ಆದಿನಾಥರು ಕೆಲಸ ಹಿಡಿದರು. ಏರಿಯ ಉದ್ದ ಆರುನೂರ ನಲವತ್ತು ಅಡಿ. ಐವತ್ತು ಅಡಿಗೊಂದರಂತೆ ಗೂಟ ಹೊಡೆಸಿದರು. ಕೀಳಲು ನಾಲ್ವರು ಹೆಂಗಸರು. ಅವರ ಮುಂದಾಳು ಶಿವಬಸವ್ವ. ನಲವತ್ತರ ಸಮೀಪದ ಆ ವಿಧವೆಯ ಮನೆ ಏರಿಯ ಪೂರ್ವದ ತುದಿಗೆ, ನೀರಿಗೆ ತೀರ ಹತ್ತಿರದಲ್ಲಿತ್ತು. ಎರಡು ಎಮ್ಮೆ, ಒಂದು ಅಂಗಳ, ಬಾಯಿತುಂಬ ಮಾತು, ಇವು ಆಕೆಯ ಆಸ್ತಿ. ಹೆಂಗಸರು ತೋಳಳತೆಯ ಅಂತರದಲ್ಲಿ ಸಾಲಾಗಿ ಕುಳಿತು ಕೀಳುತ್ತ ಸಾಗಬೇಕು. ಕಿತ್ತ ಪ್ರತಿ ಗಿಡವನ್ನು ಆದಿನಾಥರು ಎತ್ತಿ ಹಿಡಿದು, ತಾಯಿಬೇರಿನ ತುದಿ ಮುರಿದಿದೆಯೋ ಇಲ್ಲವೋ ನೋಡುತ್ತಿದ್ದರು. ಮುರಿದಿದ್ದರೆ ಅದೇ ಜಾಗ ಮತ್ತೆ ಅಗೆಯಬೇಕು.

"ಅಣ್ಣಾರ, ಹಲ್ಲ ಕೀಳೂ ಡಾಕ್ಟರ ನೋಡಿದಂಗ ನೋಡ್ತೀರಲ್ರಿ!" ಎಂದಳು ಶಿವಬಸವ್ವ. "ನನ್ನ ಗಂಡ ಹೆಣ್ಣ ನೋಡಾಕ ಬಂದಾಗನೂ ಇಷ್ಟ ನೋಡಿರ್ಲಿಲ್ಲ ನೋಡ್ರಿ."

ಹೆಂಗಸರು ನಕ್ಕರು. ಆದಿನಾಥರು ನಗಲಿಲ್ಲ, ಆದರೆ ಅಂದು ಸಂಜೆ ಅಕ್ಕಾತಾಯಿಗೆ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದರು.

ಜುಲೈ ೨೧ರ ಸಂಜೆಗೆ ಏರಿಯೂ ದಾರಿಯೂ ಸ್ವಚ್ಛವಾದವು. ಮರುದಿನ ಚತುರ್ದಶಿ. "ನಾಳಿಂದ ಬ್ಯಾಡ ಶಿವಬಸವ್ವ. ದೀಪಾವಳಿ ಮುಗೀಲಿ," ಎಂದರು ಆದಿನಾಥರು. "ಆತ್ರಿ ಅಣ್ಣಾರ," ಎಂದಳು ಆಕೆ. ಹೆಂಗಸರಿಗೂ ಭತ್ತದ ನಾಟಿಯ ಕಾಲ, ಯಾರಿಗೂ ತೊಂದರೆಯಾಗಲಿಲ್ಲ. ಮೇಲ್ವಿಚಾರಣೆಯವರೇ ಬೇಡವೆಂದ ಮೇಲೆ, ಅವರ ನೇಮ ಮುರಿಸಿ ಕೀಳಿಸುವ ಯೋಚನೆ ದುಂಡಪ್ಪನಿಗೂ ಬರಲಿಲ್ಲ. ಹಿರಿಯರ ವ್ರತ, ಅದನ್ನು ಕೆದಕಬಾರದು. ಹೀಗೆ ಒಬ್ಬರ ನಿಷ್ಠೆ ಮತ್ತು ಊರಿನ ಮರ್ಯಾದೆ ಸೇರಿ ನಾಲ್ಕು ತಿಂಗಳ ಬೇಲಿ ಕಟ್ಟಿದವು. ಬೇಲಿಯೊಳಗೆ ಕಸ ನಿರಾತಂಕವಾಗಿ ಬೆಳೆಯಿತು.

ಆ ಕಸದ ಸ್ವಭಾವ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಜುಲೈಯಲ್ಲಿ ಒಂದು ಪೀಳಿಗೆಯನ್ನು ಕಿತ್ತರೆ, ಆಗಸ್ಟ್‌ನಲ್ಲಿ ಇನ್ನೊಂದು ಏಳುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಹೂ ಬಿಟ್ಟು, ದೀಪಾವಳಿಯ ಹೊತ್ತಿಗೆ ಬೀಜ ಒಣಗಿಸಿಕೊಂಡು ಸಿದ್ಧವಾಗಿ ನಿಂತಿರುತ್ತಿತ್ತು. ಆಗ ಹೆಂಗಸರು ಬಂದು ಕೀಳುತ್ತಿದ್ದರು. ಜಗ್ಗಿದಾಗ ಉದುರಿದ ಬೀಜ ಏರಿಗೆ. ಹೊರೆ ಹೊತ್ತು ಸುಡುವ ಕುಣಿಗೆ ಒಯ್ಯುವಾಗ ಉದುರಿದ್ದು ದಾರಿಗೆ. ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡದ್ದು ಅವರವರ ಹಿತ್ತಿಲಿಗೆ. ೧೯೭೬ರಲ್ಲಿ ಕಸ ಇಮ್ಮಡಿಯಾಯಿತು. ೧೯೭೭ರಲ್ಲಿ ನಿಲ್ದಾಣದ ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದ ಬಿಳಿಯ ಅಂಚು ಬಂತು. ಆದಿನಾಥರು ತಮ್ಮ ಶಿಸ್ತು ಸಾಲದೆಂದು ಬಗೆದು, ಗೂಟಗಳನ್ನು ಇಪ್ಪತ್ತೈದು ಅಡಿಗೊಂದರಂತೆ ಹೊಡೆಸಿದರು. ಬೇರು ನೋಡುವುದನ್ನು ಇನ್ನೂ ಬಿಗಿಮಾಡಿದರು.

ಶಿವಬಸವ್ವನಿಗೆ ಮೊದಲು ತುರಿಕೆ ಶುರುವಾದದ್ದು ೧೯೭೭ರ ನವೆಂಬರ್‌ನಲ್ಲಿ, ಬೆರಳ ಸಂದಿಯಲ್ಲಿ. ಎಮ್ಮೆಯ ಬೆಣ್ಣೆ ಸವರಿಕೊಂಡಳು. ಮುಂದಿನ ಮಳೆಗಾಲದ ಹೂವಿನ ಕಾಲಕ್ಕೆ ಅದು ಕುತ್ತಿಗೆಗೆ ಏರಿತು, ಕೆನ್ನೆಗೆ ಏರಿತು, ಕಣ್ಣಿನ ರೆಪ್ಪೆಗೆ ಇಳಿಯಿತು. ಮುಖದ ತೊಗಲು ಕಪ್ಪಾಗಿ, ದಪ್ಪನಾಗಿ, ಒಣ ಕೆರೆಯ ತಳದಂತೆ ಬಿರಿಯಿತು. ಖಾನಾಪುರದಲ್ಲಿದ್ದ ತಂಗಿ ಬಾಳವ್ವ ಆಕೆಯನ್ನು ಬೆಳಗಾವಿಯ ಚರ್ಮದ ಡಾಕ್ಟರರಿಗೆ ತೋರಿಸಿ, ಇಪ್ಪತ್ತೊಂದು ದಿನ ತನ್ನ ಮನೆಯಲ್ಲಿಟ್ಟುಕೊಂಡಳು. ಅಲ್ಲಿ ಗಾಯ ಒಣಗಿತು. ಊರಿಗೆ ಮರಳಿದ ನಾಲ್ಕೇ ದಿನಗಳಲ್ಲಿ ಮತ್ತೆ ನೀರೊಡೆಯಿತು. ಕಾರಣ ಸ್ಪಷ್ಟವಾಗಿತ್ತು. ಮಳೆಗಾಲದ ಪಡುವಣ ಗಾಳಿ ಏರಿಯನ್ನು ಹಾಯ್ದು, ಆ ಬಿಳಿ ಹೂವಿನ ಧೂಳನ್ನೆಲ್ಲ ಹೊತ್ತು ತಂದು ಆಕೆಯ ಅಂಗಳದಲ್ಲಿ ಇಳಿಸುತ್ತಿತ್ತು. ಮುಟ್ಟಿ ಕೀಳುವುದಂತೂ ದೂರ, ಉಸಿರಾಡಿದರೂ ಸಾಕಾಗಿತ್ತು. ಇನ್ನೊಂದು ಹೂವಿನ ಕಾಲ ಹೀಗೆಯೇ ಕಳೆದರೆ ಕಣ್ಣಿನ ಹೊಣೆ ತಮ್ಮದಲ್ಲವೆಂದು ಡಾಕ್ಟರರು ಹೇಳಿ ಕಳಿಸಿದ್ದರು.

೧೯೭೮ರ ಸೆಪ್ಟೆಂಬರ್ ೧೭, ರವಿವಾರ, ಕ್ಷಮಾವಳಿ. ಭಾದ್ರಪದದ ಹತ್ತು ದಿನಗಳ ಪರ್ವ ಮುಗಿಸಿದ ಜೈನರು ಅಂದು ಮನೆಮನೆಗೆ ಹೋಗಿ, ವರ್ಷದಲ್ಲಿ ಆದ ತಪ್ಪುಗಳಿಗೆ ಕ್ಷಮೆ ಬೇಡುತ್ತಾರೆ. ಆದಿನಾಥರು ಜಾತಿ ನೋಡದೆ ಇಡೀ ಊರಿಗೆ ಹೋಗುತ್ತಿದ್ದರು. ಶಿವಬಸವ್ವ ಪ್ರತಿವರ್ಷ, "ನಿಮ್ಮಿಂದೇನ ತಪ್ಪಾಗತೈತ್ರಿ ಅಣ್ಣಾರ? ಕುಂದರ್ರಿ, ಚಾ ಕುಡೀರಿ," ಎನ್ನುತ್ತಿದ್ದಳು. ಈ ವರ್ಷ ಆಕೆ ಹೊಸ್ತಿಲೊಳಗೆ, ಬಾಗಿಲಿನ ಮರೆಗೆ, ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದಳು.

"ಶಿವಬಸವ್ವ, ಗೊತ್ತಿದ್ದೋ ಗೊತ್ತಿಲ್ದನೋ ನನ್ನಿಂದ ಏನರೆ ತಪ್ಪಾಗಿದ್ರ ಕ್ಷಮಾ ಮಾಡವಾ," ಎಂದು ಆದಿನಾಥರು ಕೈಮುಗಿದರು.

"ಯಾವ ಕಡಿಂದ ಬಂದ್ರಿ ಅಣ್ಣಾರ?"

"ಸ್ಟೇಷನ್ ದಾರೀಲೆ ಸುತ್ತ ಹಾಕಿ, ಹೊಲದ ಒಡ್ಡಿನ ಮ್ಯಾಲ ಹಾದು ಬಂದೆ."

"ಏರಿ ಮ್ಯಾಲಿಂದ ಬಂದಿದ್ರ ಹತ್ತರ ಆಗ್ತಿತ್ತಲ್ರಿ."

"ಏರಿ ತುಂಬ ಹಸರ ಐತಲ್ಲ ತಂಗಿ. ಕಾಲಿಡಾಕ ಜಾಗಾ ಇಲ್ಲ. ಚಾತುರ್ಮಾಸ."

ಶಿವಬಸವ್ವ ಸೆರಗು ಸರಿಸಿದಳು. ಆದಿನಾಥರು ಎರಡು ತಿಂಗಳಿನಿಂದ ಆ ಮುಖ ನೋಡಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಸೀಳಿನಷ್ಟು ತೆರೆದಿತ್ತು.

"ಖರೇ ಐತ್ರಿ," ಎಂದಳು. "ನೀವು ಅದನ್ನ ತುಳೀಲಿಲ್ಲ. ಅದು ನನ್ನ ತುಳೀತು."

ಆದಿನಾಥರ ಮುಗಿದ ಕೈ ಹಾಗೆಯೇ ನಿಂತಿತು.

"ಕ್ಷಮಾ ಕೇಳಾಕ ಬಂದೀರಿ. ಯಾವ ತಪ್ಪಿಗಿ? ಹೆಸರ ಹೇಳ್ರಿ. ಹೊಲದಾಗ ಅಕ್ಕಡಿ ಕಾಳು ಬೀರಿದಂಗ ಊರ ಮಂದಿಗೆಲ್ಲಾ ಒಂದ ಮಾತು ಬೀರಿಕೋತ ಹೊಂಟ್ರ ನಾ ಒಲ್ಲೆ. ಹೆಸರಿಲ್ದ ತಪ್ಪಿಗಿ ನನ್ನ ಕಡೆ ಕ್ಷಮಾ ಇಲ್ಲ."

ಆಕೆ ಬಾಗಿಲು ಹಾಕಿಕೊಂಡಳು. ಸಿಟ್ಟಿನಿಂದಲೋ ಗಾಳಿಯ ಭಯದಿಂದಲೋ ಆದಿನಾಥರಿಗೆ ತಿಳಿಯಲಿಲ್ಲ. ಅಂದು ಉಳಿದ ಮನೆಗಳಿಗೆ ಅವರು ಹೋಗಲಿಲ್ಲ.

ಅಕ್ಕಾತಾಯಿ ತಾಟು ಇಟ್ಟರೂ ಅವರು ಕೈಯಿಡದೆ ಕುಳಿತದ್ದನ್ನು ಕಂಡು, ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು. ಗಂಡನ ನೇಮಗಳಿಗೆ ತಕ್ಕಂತೆ ಅಡಿಗೆ ಮಾಡಿ ಹಾಕಿದ್ದಳೇ ಹೊರತು ಅಭಿಪ್ರಾಯ ಹೇಳಿರಲಿಲ್ಲ.

"ಅಲ್ರೀ," ಎಂದಳು, "ಚಾತುರ್ಮಾಸದಾಗ ಕೀಳಲಿಲ್ಲ, ಭಾಳ ಛಲೋ ಆತು. ದೀಪಾವಳಿ ಆದ ಮ್ಯಾಲ ಆಕೀ ಕೈಲೆ ಕೀಳಸ್ತಿದ್ರಲ್ಲ, ಆವಾಗ ಅದರಾಗ ಜೀವ ಇರ್ತಿರ್ಲಿಲ್ಲೇನು?"

"ಸಂಸಾರದಾಗ ಇದ್ದವಗ ಅಷ್ಟು ಅನಿವಾರ್ಯ."

"ಅನಿವಾರ್ಯ ಆಕಿಗಿ. ಪುಣ್ಯಾ ನಿಮಗ. ಹಂಚಿಕಿ ಛಲೋ ಐತಿ ಬಿಡ್ರಿ."

ಅಕ್ಟೋಬರ್ ೮ರ ರವಿವಾರ ಆದಿನಾಥರು ಬೆಳಗಾವಿಗೆ ಹೋದರು. ಬಸದಿಯೊಂದರಲ್ಲಿ ಶಾಸ್ತ್ರ ಬಲ್ಲ ವೃದ್ಧ ಪಂಡಿತರಿದ್ದರು. ಅವರೆದುರು ಕುಳಿತು, ಏರಿಯ ಉದ್ದದಿಂದ ಹಿಡಿದು ಶಿವಬಸವ್ವನ ರೆಪ್ಪೆಯವರೆಗೆ ಎಲ್ಲವನ್ನೂ ಹೇಳಿ, ವ್ರತದಿಂದ ಬಿಡುಗಡೆ ಕೇಳಿದರು.

"ವ್ರತಾ ಕೊಟ್ಟ ಮಹಾರಾಜರು ಈಗಿಲ್ಲ. ಬಿಡಸೂ ಅಧಿಕಾರ ನನಗಿಲ್ಲ," ಎಂದರು ಪಂಡಿತರು. "ಮಾಡೂದು, ಮಾಡಸೂದು, ಒಪ್ಪೂದು, ಮೂರೂ ತೂಕಕ್ಕ ಒಂದ. ನಿಮಗ ಗೊತ್ತಿಲ್ಲದ್ದೇನಲ್ಲ."

"ಗೊತ್ತೈತ್ರಿ."

"ಮುರದ್ರ ಪ್ರಾಯಶ್ಚಿತ್ತ ಐತಿ. ಆದ್ರ 'ಮುರಿ' ಅಂತ ನನ್ನ ಬಾಯಿಂದ ಬರಾಣಿಲ್ಲ. ಬಂತಂದ್ರ ಮೂರರಾಗ ಒಂದ ಪಾಲು ನನ್ನ ಹೆಗಲಿಗಿ ಬೀಳತೈತಿ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಪ್ರಶ್ನಾ ನನ್ನ ತನಕ ಬರಬಾರದಾಗಿತ್ತು, ಚೌಗುಲೆ. ಅದು ನಿಮ್ಮೂರ ಕೆರೀದು."

ಮರಳುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತ ಆದಿನಾಥರು ಆ ಮೂರು ಮಾತುಗಳನ್ನು ಮತ್ತೆ ಮತ್ತೆ ಸರಿದೂಗಿಸಿದರು. ಹುಡುಗನಾಗಿದ್ದಾಗಿನಿಂದ ಬಾಯಿಪಾಠವಾಗಿದ್ದ ಮಾತುಗಳವು. ಮಾಡುವುದೂ ಮಾಡಿಸುವುದೂ ಒಂದೇ ಆದರೆ, ಶಿವಬಸವ್ವ ಕಿತ್ತ ಗಿಡಗಳನ್ನೆಲ್ಲ ಕಿತ್ತವರು ತಾವೇ. ಪಾಪ ಇಬ್ಬರಿಗೂ ಬಂದಿತ್ತು. ಹುಣ್ಣು ಮಾತ್ರ ಒಬ್ಬಳಿಗೆ ಬಂದಿತ್ತು. ಮೂವತ್ತೇಳು ವರ್ಷಗಳ ಮಳೆಗಾಲವನ್ನು ಅವರು ಮನಸ್ಸಿನಲ್ಲಿ ಹಿಂದಕ್ಕೆ ನಡೆದರು. ಆಕೆ ಕೇಳಿದ ಹೆಸರನ್ನು ಹುಡುಕಿದರು. ಗಾಡಿ ದೇಸೂರಿನಲ್ಲಿ ನಿಲ್ಲುವ ಹೊತ್ತಿಗೆ ಅದು ಸಿಕ್ಕಿತು. ಅದಕ್ಕೊಂದು ತಾರೀಖೂ ಇತ್ತು.

ಇಳಿದವರು ಮನೆಗೆ ಹೋಗದೆ, ಬಿಸಿಲಿರುವಾಗಲೇ ಸುತ್ತುದಾರಿ ಹಿಡಿದು ಶಿವಬಸವ್ವನ ಅಂಗಳಕ್ಕೆ ಬಂದು ನಿಂತರು. ಆಕೆ ಬಾಗಿಲನ್ನು ಒಂದು ಗೇಣು ತೆರೆದಳು.

"ಹೆಸರ ಹೇಳಾಕ ಬಂದೀನಿ," ಎಂದರು. "ಎಪ್ಪತ್ನಾಲ್ಕನೇ ಇಸವಿ, ಆಗಸ್ಟ್ ಹನ್ನೊಂದು, ರವಿವಾರ. ತೂಬಿನ ಬಾಜೂಕ ಏರಿ ಮ್ಯಾಲ ಒಂದ ಗಿಡಾ ಇತ್ತು. ಈ ಕಸದ್ದ. ಊರಿಗೆಲ್ಲಾ ಅದೊಂದ. ಬಿಳಿ ಹೂ ಬಿಟ್ಟಿತ್ತು. ಹೆಸರೇನಂತ ನನಗ ಗೊತ್ತಿರ್ಲಿಲ್ಲ. ಎರಡು ಬೆರಳಲೆ ಕೀಳಬಹುದಾಗಿತ್ತು. ಚಾತುರ್ಮಾಸ ಅಂತ ಬಿಟ್ಟೆ."

ಆದಿನಾಥರು ತೂಬಿನ ಕಡೆಗೆ ಕೈ ತೋರಿಸಿದರು.

"ಬಿಟ್ಟದ್ದಷ್ಟ ಅಲ್ಲ. ದನಾ ತುಳದಾವು ಅಂತ ಆಜೂಬಾಜೂ ಎರಡು ಕಲ್ಲ ಇಟ್ಟೆ."

"ಕಲ್ಲ ಇಟ್ಟಿದ್ರಿ?"

"ಎರಡು."

ಬಾಗಿಲಿನ ಹಿಂದೆ ಒಂದು ಸದ್ದಾಯಿತು. ಆಕೆ ಅಳುತ್ತಿದ್ದಾಳೆಂದು ಆದಿನಾಥರು ತಲೆ ತಗ್ಗಿಸಿದರು. "ನಗಸಬ್ಯಾಡ್ರಿ ಅಣ್ಣಾರ," ಎಂದಳು ಶಿವಬಸವ್ವ, "ನಕ್ರ ಗಲ್ಲ ಬಿರೀತಾವ." ಆಮೇಲೆ ಧ್ವನಿ ಬದಲಾಯಿತು. "ಹೆಸರ ಹೇಳಿದ್ರಿ, ಛಲೋ ಆತು. ಆದ್ರ ಮಾತಿನ ಕ್ಷಮಾ ತಗೊಂಡು ನೀವೇನ ಮಾಡ್ತೀರಿ, ಕೊಟ್ಟು ನಾ ಏನ ಮಾಡ್ಲಿ? ಬರೂ ಶ್ರಾವಣದಾಗ ಈ ಏರಿ ಮ್ಯಾಲ ಒಂದ ಹೂ ಕಾಣಬಾರದು. ಕಂಡ್ರ ನನ್ನ ಕಣ್ಣು ಹೋದಂಗ. ಅಷ್ಟ ನೋಡ್ರಿ."

೧೯೭೯ರ ಜೂನ್ ತಿಂಗಳಲ್ಲಿ ದುಂಡಪ್ಪ ಬೇರೆ ದಾರಿ ಸೂಚಿಸಿದ. "ನೀವು ಬಾಗಲ ಹಾಕ್ಕೊಂಡು ಮನ್ಯಾಗ ಕುಂದರ್ರಿ ಅಣ್ಣಾರ. ಶ್ರಾವಣದಾಗ ಬ್ಯಾರೆ ಹೆಣ್ಮಕ್ಕಳ್ನ ಹಚ್ಚಿ ನಾ ಕೀಳಸ್ತೀನಿ. ನಿಮಗ ಗೊತ್ತ ಇಲ್ಲದಂಗ."

"ಈಗ ಹೇಳಿದ್ರಲ್ಲ ದುಂಡಪ್ಪಾರ, ಗೊತ್ತಾತು," ಎಂದರು ಆದಿನಾಥರು. "ಸುಮ್ಮನ ಕುಂತ್ರ ಒಪ್ಪಿದಂಗ. ಮತ್ತ ಆ ಹೆಣ್ಮಕ್ಕಳಿಗೂ ಮಾರಿ, ತೊಗಲು ಅನ್ನೂದು ಐತಿ. ಯಾರೂ ಬ್ಯಾಡ. ನಾ ಕೀಳ್ತೀನಿ."

ಅಕ್ಕಾತಾಯಿ ದಪ್ಪ ಖಾದಿಯ ಹಳೆಯ ಹಾಸಿಗೆ ಬಟ್ಟೆಯನ್ನು ಕತ್ತರಿಸಿ, ಎರಡು ಪದರಿನ ಕೈಗವಸು ಹೊಲಿದುಕೊಟ್ಟಳು. ಮೂಗಿಗೂ ಒಂದು ಪಟ್ಟಿ ಮಾಡಿದಳು. ಜುಲೈ ೭ರವರೆಗಿನ ಕೆಲಸವನ್ನು ಆದಿನಾಥರು ಒಬ್ಬರೇ ಮಾಡಿದರು. ಅದರಲ್ಲಿ ವ್ರತಕ್ಕೆ ಬಾಧೆಯಿರಲಿಲ್ಲ. ೮ನೆಯ ತಾರೀಖು ಚತುರ್ದಶಿ ಬಂತು. ಮಳೆ ಹಿಡಿಯಿತು. ಎರಡು ವಾರಗಳಲ್ಲಿ ಏರಿ ಮತ್ತೆ ಹಸಿರಾಯಿತು.

ಜುಲೈ ೨೩, ಸೋಮವಾರ ಬೆಳಿಗ್ಗೆ ಏಳಕ್ಕೆ ಆದಿನಾಥರು ಏರಿಯ ಪಶ್ಚಿಮದ ತುದಿಗೆ ಬಂದು, ಕೊನೆಯ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತರು. ಮುಂದೆ ಕಲ್ಲಿರಲಿಲ್ಲ. ದೂರದಲ್ಲಿ ಗೂಡ್ಸ್ ಗಾಡಿಯೊಂದು ಖಾನಾಪುರದ ಕಡೆಗೆ ಹೋಯಿತು. ಅದರ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೂ ಅವರು ಕದಲಲಿಲ್ಲ. ಬಾಯಿಗೆ ಬಂದ ಣಮೋಕಾರ ಮಂತ್ರವನ್ನು ಹೇಳದೆ ನುಂಗಿಕೊಂಡರು. ಈ ಕೆಲಸಕ್ಕೆ ಅದನ್ನು ಕರೆಯುವ ಹಕ್ಕು ತಮಗಿಲ್ಲವೆನಿಸಿತು. ಆಮೇಲೆ ಕಾಲನ್ನು ಕೆಳಗಿಟ್ಟರು. ಮಳೆಯಲ್ಲಿ ನೆನೆದ ಹಸಿರು ಅಂಗಾಲಿಗೆ ತಣ್ಣಗೆ, ಮೆತ್ತಗೆ ತಾಗಿತು. ಇಪ್ಪತ್ತೊಂದನೆಯ ವಯಸ್ಸಿನಿಂದ ಮಳೆಗಾಲದಲ್ಲಿ ಆ ಸ್ಪರ್ಶ ಅವರಿಗೆ ಆಗಿರಲಿಲ್ಲ. ಮೊಣಕಾಲೂರಿ, ಮೊದಲ ಗಿಡದ ಬುಡಕ್ಕೆ ಕೈಹಾಕಿದರು.

ದಿನಕ್ಕೆ ನಲವತ್ತು ಅಡಿ, ಕೆಲವು ದಿನ ಅದಕ್ಕೂ ಕಡಿಮೆ. ಏರಿ ಮುಗಿದ ಮೇಲೆ ದಾರಿ. ದಾರಿ ಮುಗಿಯುವಷ್ಟರಲ್ಲಿ ಏರಿಯಲ್ಲಿ ಹೊಸ ಮೊಳಕೆ. ದಾರಿಹೋಕರು ನಿಂತು ನೋಡುತ್ತಿದ್ದರು. ದುಂಡಪ್ಪ ಒಂದು ದಿನ ಕಂಬಳಿಯ ಕೊಪ್ಪೆ ಹಾಕಿಕೊಂಡು ಬಂದು, ತಡೆಯಲಾರದೆ ಕೇಳಿದ: "ಮುಪ್ಪಿನ ಕಾಲಕ್ಕ ಧರ್ಮ ಬಿಟ್ರೇನ್ರಿ ಅಣ್ಣಾರ?"

"ಧರ್ಮ ಬಿಟ್ಟಿಲ್ಲ. ವ್ರತಾ ಮುರದೀನಿ. ಎರಡೂ ಕಲಸಬ್ಯಾಡ್ರಿ," ಎಂದರು ಆದಿನಾಥರು ತಲೆಯೆತ್ತದೆ.

ಊರ ಬಸದಿಯಲ್ಲಿ ತಿಂಗಳಿಗೊಮ್ಮೆ ಅವರ ಪಾಲಿಗೆ ಅಭಿಷೇಕದ ಸರದಿ ಬರುತ್ತಿತ್ತು. ಯಾರೂ ಬೇಡವೆನ್ನಲಿಲ್ಲ, ಅವರೇ ಬಿಟ್ಟುಕೊಟ್ಟರು. ಆ ವರ್ಷ ಭಾದ್ರಪದದ ಹತ್ತೂ ದಿನ ಹೊರಗಿನ ಜಗುಲಿಯ ಮೇಲೆ ನಿಂತು ಕೈಮುಗಿದು ಬಂದರು. ಅಕ್ಕಾತಾಯಿ ಒಳಗಿನಿಂದ ತಂದ ಅಭಿಷೇಕದ ನೀರು ಗಂಧೋದಕವನ್ನು ಸಹ, "ಈ ವರ್ಷ ಬ್ಯಾಡ," ಎಂದರು. ಆಕೆ ಅದನ್ನು ತನ್ನ ಹಣೆಗೆ ಹಚ್ಚಿಕೊಂಡು, ಉಳಿದ ತೇವದ ಬೆರಳನ್ನು ಗಂಡನ ಬಿರುಕುಬಿಟ್ಟ ಮುಂಗೈಗೆ ಒರೆಸಿದಳು. ಕೈಗವಸಿನ ಮೇಲಿನ ಭಾಗದಲ್ಲಿ ಅವರಿಗೂ ತೊಗಲು ಕೆಂಪಾಗಿ ಸುಲಿಯುತ್ತಿತ್ತು. ಅದಕ್ಕಾಗಿ ಅವರು ಯಾವ ಮುಲಾಮನ್ನೂ ಹಚ್ಚಲಿಲ್ಲ.

ಸೆಪ್ಟೆಂಬರ್ ೪ರಂದು ಆದಿನಾಥರು ಏರಿಯ ಈ ತುದಿಯಿಂದ ಆ ತುದಿಗೆ ನಡೆದರು. ಆರುನೂರ ನಲವತ್ತು ಅಡಿಯಲ್ಲಿ ಒಂದೂ ಬಿಳಿ ಹೂವು ಇರಲಿಲ್ಲ. ಪೂರ್ವದ ತುದಿಯಲ್ಲಿ ಶಿವಬಸವ್ವನ ಬಾಗಿಲು ತೆರೆದಿತ್ತು. ಆಕೆ ಅಂಗಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದಳು. ತೊಗಲಿನ ಕಪ್ಪು ಹೋಗಿರಲಿಲ್ಲ, ಅದು ಎಂದಿಗೂ ಪೂರ್ತಿ ಹೋಗಲಿಲ್ಲ. ಆದರೆ ಕಣ್ಣುಗಳು ಎರಡೂ ತೆರೆದಿದ್ದವು. ಆಕೆ ಅವರನ್ನು ನೋಡಿದಳು, ಅವರು ಬಂದ ದಾರಿಯನ್ನು ನೋಡಿದಳು. ಒಳಗೆ ಹೋಗಿ ಚಹಾ ತಂದಳು. ಆದಿನಾಥರು ಅಂಗಳದ ಕಟ್ಟೆಯ ಮೇಲೆ ಕುಳಿತು ಕುಡಿದರು.

ಪ್ರಾಯಶ್ಚಿತ್ತವನ್ನು ಅವರು ತಾವೇ ಪಂಡಿತರ ಬಳಿ ಕೇಳಿ ತಂದರು: ಪ್ರತಿ ಚತುರ್ದಶಿಯಂದು ನೀರೂ ಇಲ್ಲದ ಉಪವಾಸ, ಬದುಕಿರುವವರೆಗೆ. ಪ್ರತಿವರ್ಷ ಮುರಿಯಲಿರುವ ವ್ರತಕ್ಕೆ ಮುಂಗಡವಾಗಿಯೇ ಪ್ರಾಯಶ್ಚಿತ್ತ ಕೇಳಿದವರನ್ನು ತಾವು ಕಂಡಿರಲಿಲ್ಲವೆಂದು ಪಂಡಿತರು ಹೇಳಿದರಂತೆ.

೧೯೮೦ರ ಜೂನ್ ೧೪, ಶನಿವಾರ, ಪಂಚಾಯತಿಯಲ್ಲಿ ಠರಾವು ಹೊಸದಾಗಿ ಬರೆಯಬೇಕಾಯಿತು. ಆದಿನಾಥರು ತಮ್ಮ ಹೆಸರನ್ನು ಮೇಲ್ವಿಚಾರಣೆಯಿಂದ ತೆಗೆಯಬೇಕೆಂದರು. ಆ ಜಾಗಕ್ಕೆ ಶಿವಬಸವ್ವ. ಗಾಳಿಗೆ ಬೆನ್ನು ಕೊಟ್ಟು ಪಡುವಣ ದಂಡೆಯ ಮೇಲೆ ನಿಂತರೆ ಆಕೆಗೆ ಬಾಧೆಯಿಲ್ಲ. ಆ ಕಸ ಎಲ್ಲಿ ತಲೆಯೆತ್ತಿದರೂ ಆಕೆಯಷ್ಟು ಬೇಗ ಗುರುತಿಸುವವರು ಊರಿನಲ್ಲಿ ಇನ್ನಾರಿದ್ದಾರೆ? ಕೀಳುವ ಕೆಲಸಕ್ಕೆ ಆದಿನಾಥ ಚೌಗುಲೆ.

"ಎಲ್ಲಾ ಉಲ್ಟಾ ಆತಲ್ರಿ," ಎಂದ ದುಂಡಪ್ಪ.

"ಇಷ್ಟ ದಿನಾ ಉಲ್ಟಾ ಇತ್ತು. ಬರೀರಿ," ಎಂದರು ಆದಿನಾಥರು.

ದುಂಡಪ್ಪ ಬರೆದ. ಶಿವಬಸವ್ವ ಹೆಬ್ಬೆಟ್ಟು ಒತ್ತಿದಳು. ೧೯೮೭ರ ಫೆಬ್ರುವರಿ ೨ರಂದು ಆದಿನಾಥರು ತೀರಿಕೊಳ್ಳುವವರೆಗೆ ಆ ಏರ್ಪಾಡು ಹಾಗೆಯೇ ನಡೆಯಿತು. ಏಳು ಮಳೆಗಾಲಗಳಲ್ಲಿ ಆಕೆಯ ಮುಖಕ್ಕೆ ಹುಣ್ಣು ಮರಳಲಿಲ್ಲ. ಆಕೆ ಅವರಿಗಿಂತ ಬಿಗಿಯಾದ ಮೇಲ್ವಿಚಾರಕಿಯೆಂಬುದು ಮೊದಲ ಶ್ರಾವಣದಲ್ಲಿಯೇ ಊರಿಗೆ ತಿಳಿಯಿತು.

ಅಂದು ೧೯೮೦ರ ಆಗಸ್ಟ್ ೬, ಬುಧವಾರ. ಚಾತುರ್ಮಾಸ ಹಿಡಿದು ಹತ್ತು ದಿನಗಳು ಮೀರಿದ್ದವು. ಮಳೆ ನಿಂತು, ಮೋಡದ ನಡುವೆ ಬೆಳಕು ಬಿದ್ದಿತ್ತು. ಆದಿನಾಥರು ತೂಬಿನ ಹತ್ತಿರದ ಭಾಗ ಮುಗಿಸಿ, ಬುಟ್ಟಿ ಎತ್ತಿಕೊಂಡು, ಸೊಂಟ ನೆಟ್ಟಗೆ ಮಾಡಿದರು. ಪಡುವಣ ದಂಡೆಯಿಂದ, ಹತ್ತು ಹೆಜ್ಜೆ ಆಚೆಯಿಂದ, ಶಿವಬಸವ್ವನ ಧ್ವನಿ ಬಂತು.

"ಅಣ್ಣಾರ, ನಿಂದರ್ರಿ! ಒಂದ ಬಿಟ್ಟೀರಿ."

"ಎಲ್ಲೆ?"

"ಇನ್ನೂ ಹಿಂದಕ ಬರ್ರಿ. ಅಲ್ಲ, ಅಲ್ಲ. ಎಡಕ್ಕ."

ಆದಿನಾಥರು ಸುತ್ತ ನೋಡಿದರು. ಮಣ್ಣು ಕಂಡಿತು, ಗರಿಕೆ ಕಂಡಿತು. "ಇಲ್ಲೇನೂ ಇಲ್ಲ ಶಿವಬಸವ್ವ."

"ಐತ್ರಿ. ನಿಮ್ಮ ಎಡಗಾಲ ಕೆಳಗ ಐತಿ."

ಅವರು ಪಾದವನ್ನು ಎತ್ತಿದರು. ಹೆಬ್ಬೆರಳಿನ ಬುಡದಲ್ಲಿ, ಕೆಸರಿಗೆ ಒತ್ತಿಕೊಂಡು, ನಾಲ್ಕು ಎಲೆಗಳ ಮೊಳಕೆಯೊಂದು ಮಲಗಿತ್ತು. ಭಾರ ಸರಿದ ಕೂಡಲೇ ಅದರ ಒಂದು ಎಲೆ ಮೆಲ್ಲಗೆ ಮೇಲಕ್ಕೆದ್ದಿತು. ಆದಿನಾಥರು ಅದು ಏಳುವವರೆಗೂ ನೋಡಿದರು. ಆಮೇಲೆ ಬಗ್ಗಿ, ಬುಡವನ್ನು ಎರಡು ಬೆರಳುಗಳಲ್ಲಿ ಹಿಡಿದು, ಬೇರಿನ ತುದಿ ಮುರಿಯದಂತೆ ಎಳೆದು ತೆಗೆದರು.